ಆಪರೇಷನ್‌ಗೆ ಮೊದಲು ಮದ್ದಿನ ತೊಟ್ಟೆ ಬಿಚ್ಚಿ: ಶ್ವಾಸಕೋಶದ ಕ್ಯಾನ್ಸರ್ ಮತ್ತು ಸ್ಟಿರಾಯ್ಡ್ ಎಂಬ ಭಯ

ನಮ್ಮ ಮನೆಗಳಲ್ಲಿ ಕೆಲವು ಶಬ್ದಗಳನ್ನು ಜೋರಾಗಿ ಹೇಳುವುದಿಲ್ಲ. ಕ್ಯಾನ್ಸರ್ ಅಂಥದ್ದೊಂದು. 'ಆ ಕಾಯಿಲೆ' ಎಂದು ದನಿ ತಗ್ಗಿಸಿ ಹೇಳಿ ಮುಗಿಸುತ್ತೇವೆ. ಕೋವಿಡ್ ಬಂದು ಹೋದ ಮೇಲೆ ಆ ಪಟ್ಟಿಗೆ ಇನ್ನೊಂದು ಶಬ್ದ ಸೇರಿದೆ, ಸ್ಟಿರಾಯ್ಡ್. ಎರಡೂ ಒಂದೇ ದಿನ ಒಂದೇ ಮನೆಯವರ ಕಿವಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಆಸ್ಪತ್ರೆ ವಾರ್ಡಿನಲ್ಲಿ ಒಂದು ಸಂಜೆ ನಿಂತವರು ಊಹಿಸಬಲ್ಲರು. ಉಪ್ಪನಿಗೆ ಶ್ವಾಸಕೋಶದ ಗೆಡ್ಡೆ, ಮರುದಿನ ಬೆಳಗ್ಗೆ ಆಪರೇಷನ್. ಅರಿವಳಿಕೆ ಡಾಕ್ಟರು ಬಂದು, "ನೋವು, ವಾಂತಿ ಕಡಿಮೆ ಆಗ್ಲಿಕ್ಕೆ ಒಂದು ಡೋಸ್ ಸ್ಟಿರಾಯ್ಡ್ ಕೊಡ್ತೇವೆ" ಎನ್ನುತ್ತಾರೆ. ಹಾಸಿಗೆ ಸುತ್ತ ನಿಂತವರ ಮುಖ ಬಾಡುತ್ತದೆ. "ಅವರಿಗೆ ಶುಗರ್ ಉಂಟು ಡಾಕ್ಟ್ರೇ, ಸ್ಟಿರಾಯ್ಡ್ ಬೇಡ" ಎನ್ನುತ್ತಾರೆ ಅಳಿಯ. ದಮ್ಮಾಮಿನಿಂದ ವಾಟ್ಸ್‌ಆ್ಯಪ್‌ನಲ್ಲಿ ಮಗ ಕೇಳುತ್ತಾನೆ, "ಬ್ಲ್ಯಾಕ್ ಫಂಗಸ್ ತಂದದ್ದು ಅದೇ ಅಲ್ವಾ?"

ಪ್ರಶ್ನೆಯಲ್ಲಿ ತಪ್ಪಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ನಾವು ಹೆದರುತ್ತಿರುವುದು ಥಿಯೇಟರ್‌ನಲ್ಲಿ ಕೊಡುವ ಆ ಒಂದು ಇಂಜೆಕ್ಷನ್‌ಗೆ. ಹೆದರಬೇಕಾದದ್ದು ಬೇರೆ ಕಡೆ ಇದೆ. ಅದು ಮನೆಯ ಕಪಾಟಿನಲ್ಲಿ, ಮದ್ದಿನ ತೊಟ್ಟೆಯೊಳಗೆ, ಡಾಕ್ಟರಿಗೆ ಯಾರೂ ತೋರಿಸದೆ ಉಳಿದುಬಿಟ್ಟಿರುತ್ತದೆ.

ಮೊದಲು ಶಬ್ದದ ಗೊಂದಲ ಬಿಡಿಸಿಕೊಳ್ಳೋಣ. ಜಿಮ್ಮಿಗೆ ಹೋಗುವ ಹುಡುಗರು ಮೈ ಬೆಳೆಸಲು ಕದ್ದುಮುಚ್ಚಿ ಚುಚ್ಚಿಸಿಕೊಳ್ಳುವ ಸ್ಟಿರಾಯ್ಡ್ ಬೇರೆ, ಆಸ್ಪತ್ರೆಯ ಸ್ಟಿರಾಯ್ಡ್ ಬೇರೆ. ಆಸ್ಪತ್ರೆಯದ್ದು ಕಾರ್ಟಿಕೋಸ್ಟಿರಾಯ್ಡ್. ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಟೊಪ್ಪಿ ಇಟ್ಟ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ದಿನಾ ತಯಾರಿಸುವ ಕಾರ್ಟಿಸೋಲ್‌ನ ಅಣ್ಣತಮ್ಮಂದಿರು ಇವು. ಡೆಕ್ಸಾಮೆಥಾಸೋನ್, ಮಿಥೈಲ್‌ಪ್ರೆಡ್ನಿಸೊಲೋನ್, ಪ್ರೆಡ್ನಿಸೊಲೋನ್, ಹೈಡ್ರೋಕಾರ್ಟಿಸೋನ್ ಎಲ್ಲ ಒಂದೇ ಮನೆತನದವು. ದೇಹದ ಉರಿಯೂತವನ್ನು ತಣಿಸುವುದೇ ಇವುಗಳ ಮುಖ್ಯ ಕೆಲಸ.

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯರು ಸಂಧಿವಾತದಿಂದ ಕೈಕಾಲು ಆಡಿಸಲಾಗದೆ ಮಲಗಿದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. 1950ರಲ್ಲಿ ಹೆಂಚ್, ಕೆಂಡಲ್, ರೈಖ್‌ಸ್ಟೈನ್ ಮೂವರಿಗೆ ನೊಬೆಲ್ ಬಂತು. ಆದರೆ ತಿಂಗಳುಗಟ್ಟಲೆ ಕೊಟ್ಟಾಗ ಇದೇ ಮದ್ದು ಮುಖ ಊದಿಸುತ್ತದೆ, ಸಕ್ಕರೆ ಏರಿಸುತ್ತದೆ, ಮೂಳೆ ಸವೆಸುತ್ತದೆ, ಸೋಂಕಿಗೆ ಬಾಗಿಲು ತೆರೆಯುತ್ತದೆ ಎಂಬುದೂ ಬೇಗನೆ ಗೊತ್ತಾಯಿತು. ಆಗಿನಿಂದ ಈಗಿನವರೆಗೆ ಸ್ಟಿರಾಯ್ಡ್‌ನ ವಿಷಯದಲ್ಲಿ ಕೇಳಬೇಕಾದ ಮಾತು ಒಂದೇ: ಎಷ್ಟು, ಎಷ್ಟು ದಿನ, ಯಾರಿಗೆ?

ಕೋವಿಡ್ ಕಾಲದಲ್ಲಿ ಎರಡೂ ಮುಖಗಳನ್ನು ನಾವೇ ಕಣ್ಣಾರೆ ನೋಡಿದೆವು. 2020ರ ಜೂನ್‌ನಲ್ಲಿ ಬ್ರಿಟನ್‌ನ 'ರಿಕವರಿ' ಪರೀಕ್ಷೆಯ ಫಲಿತಾಂಶ ಬಂತು. ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಹೆಚ್ಚೆಂದರೆ 10 ದಿನ ಕೊಟ್ಟಾಗ ವೆಂಟಿಲೇಟರ್‌ನಲ್ಲಿದ್ದವರ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತು. ಆಕ್ಸಿಜನ್ ಬೇಡದವರಿಗೆ ಮಾತ್ರ ಅದರಿಂದ ಲಾಭ ಕಾಣಲಿಲ್ಲ. ಮರುವರ್ಷದ ಎರಡನೇ ಅಲೆಯಲ್ಲಿ ಏನಾಯಿತು? ಆಕ್ಸಿಜನ್ ಬೇಡದವರೂ ಮನೆಯಲ್ಲೇ ನುಂಗಿದರು, ಹೆಚ್ಚಿನ ಡೋಸ್‌ನಲ್ಲಿ ನುಂಗಿದರು, ವಾರಗಟ್ಟಲೆ ನುಂಗಿದರು. ಸಕ್ಕರೆ 300, 400 ದಾಟಿದರೂ ನೋಡುವವರಿರಲಿಲ್ಲ. ಕಪ್ಪು ಶಿಲೀಂಧ್ರ ಹಬ್ಬಿದ್ದು ಹೆಚ್ಚಾಗಿ ಹತೋಟಿ ತಪ್ಪಿದ ಸಕ್ಕರೆ ಮತ್ತು ಅಳತೆ ಮೀರಿದ ಸ್ಟಿರಾಯ್ಡ್ ಒಟ್ಟಾದವರಲ್ಲಿ. ಹಾಗಾಗಿ ದಮ್ಮಾಮಿನ ಮಗನ ಭಯ ಎಲ್ಲಿಂದ ಬಂತೆಂದು ಅರ್ಥವಾಗುತ್ತದೆ. ಆದರೆ ಅವನ ಉಪ್ಪನಿಗೆ ನಾಳೆ ಕೊಡುವುದು ವಾರಗಟ್ಟಲೆಯ ಮದ್ದಲ್ಲ, ಒಂದು ಸಲದ್ದು.

ಎದೆಯ ಆಪರೇಷನ್ ಹೊಟ್ಟೆಯದ್ದರ ಹಾಗಲ್ಲ

ನಮ್ಮ ಬಲ ಶ್ವಾಸಕೋಶಕ್ಕೆ ಮೂರು ಹಾಳೆ, ಎಡದ್ದಕ್ಕೆ ಎರಡು. ಗೆಡ್ಡೆ ಒಂದು ಹಾಳೆಯೊಳಗೇ ಇದ್ದರೆ ಆ ಹಾಳೆಯನ್ನು ತೆಗೆಯುತ್ತಾರೆ, ಲೋಬೆಕ್ಟಮಿ ಎನ್ನುವುದು ಇದಕ್ಕೇ. ಮೊದಲು ಪಕ್ಕೆಲುಬು ಅಗಲಿಸಿ ದೊಡ್ಡ ಗಾಯ ಮಾಡಬೇಕಿತ್ತು. ಈಗ ಅನೇಕ ಕಡೆ ಕ್ಯಾಮೆರಾ ಬಿಟ್ಟು ಸಣ್ಣ ತೂತುಗಳ ಮೂಲಕ ಮಾಡುತ್ತಾರೆ. ಹೇಗೆ ಮಾಡಿದರೂ, ಕೆಲಸ ನಡೆಯುವಷ್ಟು ಹೊತ್ತು ಆ ಬದಿಯ ಶ್ವಾಸಕೋಶದ ಗಾಳಿ ಇಳಿಸಿ ಇನ್ನೊಂದರಿಂದಲೇ ಉಸಿರಾಡಿಸುತ್ತಾರೆ. ಆಮೇಲೆ ಮತ್ತೆ ಗಾಳಿ ತುಂಬುತ್ತಾರೆ. ಹೀಗೆ ಇಳಿಸಿ ಉಬ್ಬಿಸುವುದು, ಕೊಯ್ಯುವುದು, ಪಕ್ಕೆಲುಬಿನ ನಡುವಿನ ನರ ಒತ್ತುವುದು ಎಲ್ಲ ಸೇರಿ ದೊಡ್ಡ ಉರಿಯೂತ ಏಳುತ್ತದೆ.

ಗಾಯದ ಉದ್ದಕ್ಕಿಂತ ಕಷ್ಟ ಕೊಡುವುದು ಆಮೇಲಿನ ನೋವು. ಕಾಲಿನ ಆಪರೇಷನ್ ಆದವರು ಕಾಲು ಆಡಿಸದೆ ಮಲಗಬಹುದು. ಎದೆ ಆಡಿಸದೆ ಇರಲು ಯಾರಿಗೆ ಸಾಧ್ಯ? ಪ್ರತಿ ಉಸಿರಿಗೂ ನೋವು. ನೋವಿಗೆ ಹೆದರಿ ರೋಗಿ ಮೇಲಿಂದ ಮೇಲೆ ಸಣ್ಣ ಉಸಿರು ತೆಗೆಯುತ್ತಾರೆ, ಕೆಮ್ಮುವುದಿಲ್ಲ. ಕಫ ಒಳಗೇ ಕಟ್ಟುತ್ತದೆ, ಉಳಿದ ಹಾಳೆಗಳು ಮುದುಡುತ್ತವೆ, ನ್ಯುಮೋನಿಯಾ ಹಿಡಿಯುತ್ತದೆ. ಹತ್ತಾರು ವರ್ಷ ಬೀಡಿ ಸೇದಿದ ಎದೆಯಾದರೆ ಕೇಳುವುದೇ ಬೇಡ. (ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ಉಮ್ಮಂದಿರ ಊರು ನಮ್ಮದು. ಬೀಡಿಯ ವಿಷಯ ಮಾತಾಡುವಾಗ ಬಾಯಿ ತಡವರಿಸುತ್ತದೆ, ಆದರೂ ಹೇಳದೆ ವಿಧಿಯಿಲ್ಲ. ಆಪರೇಷನ್‌ಗೆ ಕೆಲವು ವಾರ ಮೊದಲೇ ಬೀಡಿ ಬಿಟ್ಟವರ ಶ್ವಾಸಕೋಶ ಬೇಗ ಚೇತರಿಸುತ್ತದೆ.)

ಹಾಗಾಗಿ ಲೋಬೆಕ್ಟಮಿ ಆದವರನ್ನು ಮೊದಲ ಇಪ್ಪತ್ತನಾಲ್ಕು ಗಂಟೆಯೊಳಗೆ ಎಬ್ಬಿಸಿ ಕೂರಿಸುವುದು, ನಾಲ್ಕು ಹೆಜ್ಜೆ ನಡೆಸುವುದು, ಆ ಮೂರು ಚೆಂಡಿನ ಡಬ್ಬಿಯಲ್ಲಿ ಉಸಿರೆಳೆಸುವುದು ಚಿಕಿತ್ಸೆಯ ಮುಖ್ಯ ಭಾಗ. ಇದನ್ನೇ ಒಂದು ಪದ್ಧತಿಯಾಗಿ 1990ರ ದಶಕದಲ್ಲಿ ರೂಪಿಸಿದವರು ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್. ನೋವು, ವಾಂತಿ, ಸುಸ್ತು ಇವನ್ನು ಮೊದಲೇ ತಡೆದರೆ ರೋಗಿ ತಾನಾಗಿಯೇ ಏಳುತ್ತಾನೆ ಎಂಬುದು ಅವರ ವಾದ. ಸ್ಟಿರಾಯ್ಡ್ ಬರುವುದು ಇಲ್ಲೇ. ಕ್ಯಾನ್ಸರನ್ನು ಕರಗಿಸಲು ಅದನ್ನು ಕೊಡುತ್ತಿಲ್ಲ. ಕ್ಯಾನ್ಸರಿನ ಕೆಲಸ ಸರ್ಜನ್‌ರ ಕತ್ತಿಯದ್ದು. ಇದು ಬರೀ ಎದ್ದು ಕೂರಲು ಕೊಡುವ ಒಂದು ಕೈ.

ಲೆಕ್ಕ ಏನು ಹೇಳುತ್ತದೆ?

ಕೋಪನ್‌ಹೇಗನ್ನಿನಲ್ಲಿ ಕ್ಯಾಮೆರಾ ಮೂಲಕ ಲೋಬೆಕ್ಟಮಿ ಮಾಡಿಸಿಕೊಂಡ 96 ಮಂದಿಯ ಮೇಲೆ ಒಂದು ಪರೀಕ್ಷೆ ನಡೆದು 2018ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಆಪರೇಷನ್‌ಗೆ ಮೊದಲು 125 ಮಿಲಿಗ್ರಾಂ ಮಿಥೈಲ್‌ಪ್ರೆಡ್ನಿಸೊಲೋನ್, ಉಳಿದವರಿಗೆ ಬರೀ ಸಲೈನ್. ಸ್ಟಿರಾಯ್ಡ್ ಪಡೆದವರಿಗೆ ಆಪರೇಷನ್ ದಿನದ ನೋವು ಕಡಿಮೆ ಇತ್ತು. ಅದೇ ಹೊತ್ತಿಗೆ ಅವರ ರಕ್ತದ ಸಕ್ಕರೆ ಹೆಚ್ಚಿತ್ತು. ಲಾಭ ಮೊದಲ ದಿನದ್ದು, ಆಮೇಲೆ ಇಬ್ಬರೂ ಹೆಚ್ಚುಕಡಿಮೆ ಸಮ. ಪವಾಡವೇನಲ್ಲ. ಆದರೆ ಎದೆಯ ಆಪರೇಷನ್‌ನಲ್ಲಿ ಆ ಮೊದಲ ದಿನಕ್ಕೇ ಬೆಲೆ ಜಾಸ್ತಿ.

ಈಗ ಹೆಚ್ಚಾಗಿ ಕೊಡುವುದು ಇದಕ್ಕಿಂತ ಸಣ್ಣ ಡೋಸ್, ಮಾಮೂಲಿಗೆ 8 ಮಿಲಿಗ್ರಾಂ ಡೆಕ್ಸಾಮೆಥಾಸೋನ್, ಅರಿವಳಿಕೆ ಹತ್ತಿದ ಮೇಲೆ ಒಂದೇ ಸಲ. ಬಲದಲ್ಲಿ ಅದು ಕೋಪನ್‌ಹೇಗನ್ನಿನ ಡೋಸಿನ ಸುಮಾರು ಮೂರನೇ ಒಂದು ಪಾಲು. ಬೆಲೆಯೂ ಬಹಳ ಕಡಿಮೆ, ಆದ್ದರಿಂದ 'ಬಿಲ್ ಏರಿಸ್ಲಿಕ್ಕೆ ಕೊಡ್ತಾರೆ' ಎಂಬ ಅನುಮಾನವೂ ಬೇಡ. ಶ್ವಾಸಕೋಶ ಆಪರೇಷನ್‌ಗಳಿಗೆಂದೇ 2019ರಲ್ಲಿ ಬಂದ ಯುರೋಪಿನ ಎದೆ ಸರ್ಜನ್‌ಗಳ ಮಾರ್ಗಸೂಚಿಯೂ ವಾಂತಿ ತಡೆಯಲು, ನೋವು ತಗ್ಗಿಸಲು ಡೆಕ್ಸಾಮೆಥಾಸೋನ್ ಕೊಡಬಹುದು ಎನ್ನುತ್ತದೆ. 'ಕೊಡಬಹುದು' ಎಂದಿದೆ, 'ಕೊಡಲೇಬೇಕು' ಎಂದಿಲ್ಲ. ಆ ವ್ಯತ್ಯಾಸ ಗಮನಿಸಿ. ಕೆಲವು ಡಾಕ್ಟರು ಕೊಡುತ್ತಾರೆ, ಕೆಲವರು ರೋಗಿಯನ್ನು ನೋಡಿ ಬಿಡುತ್ತಾರೆ, ಎರಡೂ ಸರಿ ಇರಬಹುದು.

ಗಾಯ ಕೀವಾಗುವುದಿಲ್ಲವೇ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ದೊಡ್ಡ ಉತ್ತರ ಸಿಕ್ಕಿದ್ದು 2021ರಲ್ಲಿ. ಆಸ್ಟ್ರೇಲಿಯಾ, ನ್ಯೂಝಿಲೆಂಡ್, ಹಾಂಗ್‌ಕಾಂಗ್, ದಕ್ಷಿಣ ಆಫ್ರಿಕಾ, ನೆದರ್ಲೆಂಡ್ಸ್ ಆಸ್ಪತ್ರೆಗಳಲ್ಲಿ ಹೃದಯದ್ದಲ್ಲದ ಬೇರೆ ಬೇರೆ ಆಪರೇಷನ್ ಆದ 8,725 ಮಂದಿಯ ಲೆಕ್ಕ. 8 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಪಡೆದವರಲ್ಲಿ ಗಾಯದ ಸೋಂಕು ನೂರಕ್ಕೆ 8.1, ಪಡೆಯದವರಲ್ಲಿ 9.1. ಅಂದರೆ ಸೋಂಕು ಹೆಚ್ಚಲಿಲ್ಲ. ಮೊದಲ ದಿನದ ವಾಂತಿ, ಓಕರಿಕೆ ನೂರಕ್ಕೆ ಸುಮಾರು 54ರಿಂದ 42ಕ್ಕೆ ಇಳಿಯಿತು. ಇವರಲ್ಲಿ ನೂರಕ್ಕೆ 13 ಮಂದಿ ಸಕ್ಕರೆ ಕಾಯಿಲೆಯವರು. ಆದರೆ ಸಕ್ಕರೆ ಪೂರಾ ಹತೋಟಿ ತಪ್ಪಿದವರನ್ನು ಈ ಪರೀಕ್ಷೆಗೆ ಸೇರಿಸಿಕೊಂಡಿರಲಿಲ್ಲ. ನಮ್ಮ ಮನೆಗಳ ಲೆಕ್ಕದಲ್ಲಿ ಈ ಕೊನೆಯ ಸಾಲನ್ನು ಕೆಂಪು ಪೆನ್ನಿನಲ್ಲಿ ಗುರುತು ಹಾಕಬೇಕು.

ಯಾಕೆಂದರೆ ನಮ್ಮಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕುವುದು ಕಷ್ಟ. "ಸ್ವಲ್ಪ ಶುಗರ್ ಉಂಟು, ಮಾತ್ರೆ ತಗೊಳ್ತಾರೆ" ಎಂದು ಹೇಳಿ ಮುಗಿಸುತ್ತೇವೆ. ಸ್ವಲ್ಪ ಎಂದರೆ ಎಷ್ಟು? ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಆಪರೇಷನ್‌ಗೆ ಮೊದಲು ಮಾಡಿಸಿದ್ದಾರೆಯೇ ಎಂದು ಕೇಳಿ. ಸ್ಟಿರಾಯ್ಡ್ ಡೋಸ್ ಬಿದ್ದ ಕೆಲವು ಗಂಟೆಗಳಲ್ಲಿ ಸಕ್ಕರೆ ಏರುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆ ಒಂದೆರಡು ದಿನಕ್ಕೆ ನರ್ಸ್ ಇನ್ಸುಲಿನ್ ಕೊಡಬಹುದು. "ಇನ್ಸುಲಿನ್ ಶುರು ಮಾಡಿದ್ರೆ ಮತ್ತೆ ಬಿಡ್ಲಿಕ್ಕಾಗುದಿಲ್ಲ" ಎಂದು ಅಡ್ಡ ಬರುವವರು ಪ್ರತಿ ವಾರ್ಡಿನಲ್ಲೂ ಒಬ್ಬರಿರುತ್ತಾರೆ. ಆಪರೇಷನ್ ಹೊತ್ತಿನ ಇನ್ಸುಲಿನ್ ಹೆಚ್ಚಿನವರಿಗೆ ತಾತ್ಕಾಲಿಕ, ಸಕ್ಕರೆ ಇಳಿದ ಮೇಲೆ ಹಳೆಯ ಮಾತ್ರೆಗೇ ಮರಳುತ್ತಾರೆ.

ಹಾಗೆಯೇ, ನೋಡಲು ಬರುವವರ ಕೈಯಲ್ಲಿ ಏನಿರುತ್ತದೆ? ಖರ್ಜೂರ, ಜೇನು, ದ್ರಾಕ್ಷಿ, ಪ್ಯಾಕೆಟ್ ಜ್ಯೂಸ್. ಪ್ರೀತಿಯಿಂದ ತಂದದ್ದು, ಬೇಡ ಎನ್ನಲಾಗುವುದಿಲ್ಲ. ತೆಗೆದಿಟ್ಟುಕೊಂಡು ನೋಡಿಕೊಳ್ಳಲು ಕೂತವರು ತಿನ್ನಲಿ, ರೋಗಿಗೆ ಆ ಎರಡು ದಿನ ಬೇಡ. ಹದಿನೈದು ಮಂದಿ ಒಟ್ಟಿಗೆ ಬಂದು ಹಾಸಿಗೆ ಸುತ್ತ ನಿಲ್ಲುವುದೂ ಬೇಡ. ದುಆ ಮನೆಯಿಂದ ಮಾಡಿದರೂ ತಲುಪುತ್ತದೆ. ಕೆಮ್ಮು ನೆಗಡಿ ಇರುವವರಂತೂ ಹತ್ತಿರವೇ ಸುಳಿಯಬಾರದು.

ಆ ರಾತ್ರಿ ರೋಗಿಗೆ ನಿದ್ದೆ ಬಾರದಿರಬಹುದು, ಬಿಕ್ಕಳಿಕೆ ಹತ್ತಬಹುದು, ಮುಖ ಕೆಂಪಾಗಬಹುದು. ಡೆಕ್ಸಾಮೆಥಾಸೋನ್ ಇದನ್ನೆಲ್ಲ ಮಾಡುತ್ತದೆ. ಗಾಬರಿ ಬೇಡ, ನರ್ಸ್‌ಗೆ ಹೇಳಿದರೆ ಸಾಕು.

ತೊಟ್ಟೆಯೊಳಗೆ ಏನುಂಟು?

ಈಗ ಆಗಲೇ ಹೇಳಿದ ಕಪಾಟಿನ ವಿಷಯ. ಆಪರೇಷನ್‌ನ ಕಾಗದಕ್ಕೆ ಸಹಿ ಹಾಕುವುದು ಅಳಿಯ ಅಥವಾ ತಮ್ಮ. ತೀರ್ಮಾನ ಮಾಡುವುದು ಗಲ್ಫಿನಲ್ಲಿರುವ ಮಗ. ಆದರೆ ಉಪ್ಪ ದಿನಾ ಏನೇನು ನುಂಗುತ್ತಾರೆ ಎಂದು ಗೊತ್ತಿರುವುದು ಉಮ್ಮನಿಗೆ ಮಾತ್ರ. ಡಾಕ್ಟರು ಬಂದು ಮಾತಾಡುವಾಗ ಆ ಉಮ್ಮ ಎಲ್ಲಿರುತ್ತಾರೆ? ಕಾರಿಡಾರಿನ ಬೆಂಚಿನಲ್ಲಿ, ಫ್ಲಾಸ್ಕ್ ಹಿಡಿದುಕೊಂಡು. ಅವರನ್ನು ಯಾರೂ ಕೇಳುವುದಿಲ್ಲ. ನಮ್ಮ ಮನೆಗಳ ಈ ಏರ್ಪಾಡು ಆಪರೇಷನ್ ಟೇಬಲ್ ಮೇಲೆ ಜೀವಕ್ಕೇ ಕುತ್ತು ತರಬಹುದು.

ಹೇಗೆಂದರೆ, ಆಸ್ತಮಾಕ್ಕೋ ಗಂಟು ನೋವಿಗೋ ಕೆಲವರು ವರ್ಷಗಟ್ಟಲೆ ಪ್ರೆಡ್ನಿಸೊಲೋನ್ ಮಾತ್ರೆ ತೆಗೆದುಕೊಂಡಿರುತ್ತಾರೆ. ಯಾವಾಗಲೋ ಒಮ್ಮೆ ಡಾಕ್ಟರು ಐದು ದಿನಕ್ಕೆ ಬರೆದುಕೊಟ್ಟ ಚೀಟಿ, ಮೆಡಿಕಲ್ ಶಾಪಿನಲ್ಲಿ ಹತ್ತು ಸಲ ಅದೇ ಚೀಟಿಗೆ ಮಾತ್ರೆ. ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು, ತಿಂಗಳುಗಟ್ಟಲೆ ಹೊರಗಿನಿಂದ ಬರುತ್ತಿದ್ದರೆ ದೇಹದ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸ ನಿಲ್ಲಿಸಿ ಕೂರುತ್ತವೆ. ದೊಡ್ಡ ಆಪರೇಷನ್‌ನ ಹೊತ್ತಿಗೆ ದೇಹಕ್ಕೆ ಮಾಮೂಲಿಗಿಂತ ಹೆಚ್ಚು ಕಾರ್ಟಿಸೋಲ್ ಬೇಕು. ಮಲಗಿದ ಗ್ರಂಥಿಗೆ ಕೊಡಲಾಗುವುದಿಲ್ಲ. ಬಿಪಿ ಏಕಾಏಕಿ ಕುಸಿಯುತ್ತದೆ, ಸಾಮಾನ್ಯ ಮದ್ದಿಗೆ ಬಗ್ಗುವುದಿಲ್ಲ. ಮೊದಲೇ ಗೊತ್ತಿದ್ದರೆ ಇದಕ್ಕೆ ಪರಿಹಾರ ಸುಲಭ: ಅರಿವಳಿಕೆ ಡಾಕ್ಟರು ಹೈಡ್ರೋಕಾರ್ಟಿಸೋನ್ ಕೊಡುತ್ತಾರೆ. ಗೊತ್ತಿಲ್ಲದಿದ್ದರೆ ಕಾರಣ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಅಂದರೆ ಸ್ಟಿರಾಯ್ಡ್ ಬೇಡವೇ ಬೇಡ ಎಂದು ಹಟ ಹಿಡಿದವರ ಉಪ್ಪನಿಗೆ ಅದೇ ಸ್ಟಿರಾಯ್ಡ್ ಇಲ್ಲದೆ ಪ್ರಾಣಕ್ಕೆ ಬರಬಹುದು.

ಸರ್ಜನ್‌ಗೂ ಇದು ಗೊತ್ತಿರಲೇಬೇಕು. ಹಾಳೆ ತೆಗೆದ ಮೇಲೆ ಅಲ್ಲಿಯ ಶ್ವಾಸನಾಳದ ತುದಿಯನ್ನು ಮುಚ್ಚಿ ಹೊಲಿಯುತ್ತಾರೆ. ದೀರ್ಘಕಾಲ ಸ್ಟಿರಾಯ್ಡ್ ನುಂಗಿದವರಲ್ಲಿ, ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ ಆ ಹೊಲಿಗೆ ಕೂಡದೆ ಗಾಳಿ ಸೋರುವ ಅಪಾಯ ಹೆಚ್ಚು. ಎದೆಯ ಆಪರೇಷನ್‌ನ ಕೆಟ್ಟ ತೊಂದರೆಗಳಲ್ಲಿ ಅದೊಂದು. ಮೊದಲೇ ತಿಳಿದಿದ್ದರೆ ಸರ್ಜನ್ ಆ ತುದಿಗೆ ಸ್ನಾಯುವಿನ ಹೊದಿಕೆ ಹಾಕಿ ಭದ್ರ ಮಾಡುವ ಯೋಚನೆ ಮಾಡಬಹುದು.

ಇನ್ನು ಹೆಸರಿಲ್ಲದ ಪುಡಿಗಳು. "ಇಂಗ್ಲಿಷ್ ಮದ್ದಲ್ಲ, ಸೈಡ್ ಎಫೆಕ್ಟ್ ಇಲ್ಲ" ಎಂದು ಯಾರೋ ಕೊಟ್ಟ ಗಂಟುನೋವಿನ ಪುಡಿ, ದಮ್ಮಿನ ಗುಳಿಗೆ. ಇಂಥವುಗಳಲ್ಲಿ ಕೆಲವನ್ನು ಲ್ಯಾಬಿನಲ್ಲಿ ಪರೀಕ್ಷಿಸಿದಾಗ ಸ್ಟಿರಾಯ್ಡ್ ಬೆರೆಸಿದ್ದು ಸಿಕ್ಕಿಬಿದ್ದಿದೆ. ಎರಡೇ ದಿನದಲ್ಲಿ ಹತ್ತು ವರ್ಷದ ನೋವು ಮಾಯವಾಯಿತು, ಹಸಿವೆ ಹೆಚ್ಚಿತು, ಮುಖ ದುಂಡಗಾಯಿತು ಎಂದರೆ ಸಂಶಯಪಡಬೇಕಾದ ಹೊತ್ತು ಅದು. ಎಲ್ಲ ನಾಟಿ ವೈದ್ಯರನ್ನೂ ನಾವು ದೂರುತ್ತಿಲ್ಲ, ಹಾಗೆ ದೂರಿದರೆ ಅನ್ಯಾಯವಾಗುತ್ತದೆ. ಪುಡಿಯ ಪೊಟ್ಟಣವನ್ನು ಡಾಕ್ಟರಿಗೆ ತೋರಿಸಿ ಎಂದಷ್ಟೇ ಹೇಳುತ್ತಿದ್ದೇವೆ. ಬೈಸಿಕೊಳ್ಳಬೇಕಾದೀತೆಂಬ ನಾಚಿಕೆ ಬೇಡ.

ಹಾಗಾಗಿ ಅಡ್ಮಿಟ್ ಆಗುವ ದಿನ ಇಡೀ ತೊಟ್ಟೆ ಒಯ್ಯಿರಿ. ಮಾತ್ರೆ, ಪುಡಿ, ಇನ್‌ಹೇಲರ್, ಜಾಯಿಂಟಿಗೆ ಹಾಕಿಸಿಕೊಂಡ ಇಂಜೆಕ್ಷನ್‌ನ ಚೀಟಿ, ಗಲ್ಫಿನಿಂದ ಮಗ ತಂದ ಅರಬಿ ಹೆಸರಿನ ಡಬ್ಬಿ, ಎಲ್ಲ. ಒಳಗೆ ಬರುವಾಗ ಉಮ್ಮನೂ ಜೊತೆಗಿರಲಿ. ಅವರು ಬ್ಯಾರಿಯಲ್ಲೇ ಹೇಳಲಿ, ಪಕ್ಕದಲ್ಲಿ ನಿಂತ ಮೋನು ಕನ್ನಡ ಮಾಡಿ ಹೇಳಿದರಾಯಿತು. ಇನ್‌ಹೇಲರ್ ಬಗ್ಗೆ ಒಂದು ಮಾತು: ದಮ್ಮಿಗೆ ಎಳೆಯುವ ಅನೇಕ ಇನ್‌ಹೇಲರ್‌ಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಸ್ಟಿರಾಯ್ಡ್ ಎಂದು ಕೇಳಿ ಆಪರೇಷನ್‌ಗೆ ಮೊದಲು ಅದನ್ನು ತಾವೇ ನಿಲ್ಲಿಸಿಬಿಡುವವರಿದ್ದಾರೆ. ನಿಲ್ಲಿಸಬಾರದು. ಮಾಮೂಲಿಗೆ ಆಪರೇಷನ್ ದಿನ ಬೆಳಗ್ಗೆಯೂ ಎಳೆಯಲು ಹೇಳುತ್ತಾರೆ.

ಆಪರೇಷನ್ ಮುಗಿದ ಮೇಲೆ ನಮ್ಮ ಇನ್ನೊಂದು ಅಭ್ಯಾಸ ಅಡ್ಡ ಬರುತ್ತದೆ. "ಪಾಪ, ಮಲಗಿರ್ಲಿ, ಏಳಿಸ್ಬೇಡಿ" ಎನ್ನುತ್ತೇವೆ. ಎದೆಯಲ್ಲಿ ಟ್ಯೂಬ್ ಇರುವವರನ್ನು ಫಿಸಿಯೋ ಬಂದು ನಡೆಸಿದರೆ ನಮಗೆ ಸಿಟ್ಟು. ಸ್ಟಿರಾಯ್ಡ್, ನರದ ಬ್ಲಾಕ್, ಪ್ಯಾರಾಸಿಟಮಾಲ್ ಎಲ್ಲ ಕೊಟ್ಟು ನೋವು ತಗ್ಗಿಸಿದ್ದೇ ಏಳಿಸಲಿಕ್ಕೆ. ಏಳಿಸದಿದ್ದರೆ ಕೊಟ್ಟದ್ದೆಲ್ಲ ದಂಡ. ನಮಾಝ್‌ಗೆ ಬಗ್ಗಲಾಗದವರು ಕೂತು, ಅದೂ ಆಗದಿದ್ದರೆ ಮಲಗಿಯೇ ಸನ್ನೆಯಲ್ಲಿ ಮಾಡಲು ದೀನಿನಲ್ಲಿ ದಾರಿಯಿದೆ. ಟ್ಯೂಬ್, ಬ್ಯಾಂಡೇಜ್ ಇರುವಾಗ ವುಝೂ ಹೇಗೆ ಎಂಬುದನ್ನು ನಿಮ್ಮ ಮೊಹಲ್ಲಾದ ಉಸ್ತಾದರಲ್ಲಿ ಕೇಳಿಕೊಳ್ಳಿ.

ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟಿರಾಯ್ಡ್ ಮಾತ್ರೆ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಮಾಮೂಲಿ ಲೋಬೆಕ್ಟಮಿ ಆದವರಿಗೆ ಆಮೇಲೆ ಅದು ಬೇಕಾಗುವುದಿಲ್ಲ. ಆದರೆ ಮುಂದೆ ಕೀಮೋ ಇದ್ದರೆ ವಾಂತಿಗೆ, ಅಲರ್ಜಿಗೆ ಡೆಕ್ಸಾಮೆಥಾಸೋನ್ ಮತ್ತೆ ಬರುತ್ತದೆ, ಎರಡು ಮೂರು ದಿನದ ಮಟ್ಟಿಗೆ. ರೇಡಿಯೇಷನ್ ಅಥವಾ ಇಮ್ಯುನೋಥೆರಪಿಯ ನಂತರ ಒಣಕೆಮ್ಮು, ಏದುಸಿರು ಶುರುವಾಗಿ ಶ್ವಾಸಕೋಶ ಊದಿಕೊಂಡದ್ದು ಗೊತ್ತಾದರೆ ವಾರಗಟ್ಟಲೆ ಸ್ಟಿರಾಯ್ಡ್ ಬರೆಯುತ್ತಾರೆ. ಇದು ಬೇರೆಯದೇ ಲೆಕ್ಕ. ಥಿಯೇಟರಿನ ಒಂದು ಡೋಸಿಗೆ ಹೇಳಿದ ಧೈರ್ಯದ ಮಾತು ಇದಕ್ಕೆ ಹೊಂದುವುದಿಲ್ಲ. ಸಕ್ಕರೆ ಮನೆಯಲ್ಲೇ ನೋಡುತ್ತಿರಬೇಕು, ಹೊಟ್ಟೆಗೆ ಮಾತ್ರೆ ಬೇಕೇ ಎಂದು ಕೇಳಬೇಕು, ಜ್ವರ ಬಂದರೆ ಕಾಯುತ್ತ ಕೂರಬಾರದು. ಸ್ಟಿರಾಯ್ಡ್ ನುಂಗುವವರಲ್ಲಿ ಸೋಂಕು ಇದ್ದರೂ ಜ್ವರ ಕಾಣದಿರಬಹುದು.

ವಾರಗಟ್ಟಲೆ ತೆಗೆದುಕೊಂಡ ಮದ್ದನ್ನು ಒಂದೇ ದಿನ ನಿಲ್ಲಿಸುವ ಹಾಗಿಲ್ಲ, ಡಾಕ್ಟರು ಬರೆದ ಪ್ರಕಾರ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ರಮಝಾನ್ ಹತ್ತಿರ ಬಂದಾಗ ಈ ತಪ್ಪು ನಮ್ಮ ಮನೆಗಳಲ್ಲಿ ಆಗುತ್ತದೆ. ಬೆಳಗ್ಗೆ ತಿಂಡಿ ಆದ ಮೇಲೆ ನುಂಗಬೇಕಾದ ಮಾತ್ರೆಯನ್ನು ನೋಂಬಿನ ಹೆಸರಲ್ಲಿ ಬಿಟ್ಟುಬಿಡುತ್ತಾರೆ, ಕೇಳಿದರೆ "ಈಗ ಹುಷಾರುಂಟಲ್ಲ" ಎನ್ನುತ್ತಾರೆ. ಮಾತ್ರೆಯನ್ನು ಸಹರಿಗೆ ಸರಿಸಬಹುದೇ, ಸಕ್ಕರೆಯ ಮದ್ದನ್ನು ಹೇಗೆ ಬದಲಿಸಬೇಕು, ಈ ವರ್ಷ ನೋಂಬು ಹಿಡಿಯುವ ಸ್ಥಿತಿ ಇದೆಯೇ ಎಂಬುದನ್ನು ಚಂದ್ರ ಕಾಣುವ ಎರಡು ಮೂರು ವಾರ ಮೊದಲೇ ಡಾಕ್ಟರಲ್ಲಿ ಕೇಳಿ. ಬೇಡ ಎಂದರೆ, ಬಿಟ್ಟ ನೋಂಬನ್ನು ಹುಷಾರಾದ ಮೇಲೆ ಹಿಡಿದು ತೀರಿಸಲು ವರ್ಷದಲ್ಲಿ ಬೇರೆ ದಿನಗಳಿವೆ.